ಸಾಕ್ಷಿಯ ಗಂಟು

ಮಾರ್ಚ್ 6, ಬುಧವಾರ

ಇವತ್ತು ನಮ್ಮ ಲಾಂಡ್ರಿಗೆ ಪೊಲೀಸಿನವನು ಬಂದಿದ್ದ. ಅಂಗಿ ಕೊಡಲು ಬಂದಿದ್ದಾನೆ ಎಂದುಕೊಂಡು ರಸೀದಿ ಪುಸ್ತಕ ತೆಗೆದೆ. ಅವನ ಕಾಲರಿನ ಒಳಗೆ ಬೆವರಿನ ಗೆರೆ ದಪ್ಪಗೆ ಕೂತಿತ್ತು, ಕೊಟ್ಟಿದ್ದರೆ ಅವನಿಗೇ ಒಳ್ಳೆಯದಿತ್ತು. ಕೊಟ್ಟದ್ದು ಸಮನ್ಸು. "ಇಲ್ಲಿ ಸಹಿ ಹಾಕಿ. ಹತ್ತೊಂಬತ್ತಕ್ಕೆ ಕೋರ್ಟಿಗೆ ಬರಬೇಕು. ನೀವು ಆರೋಪಿ," ಎಂದ. ಆಗ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇಬ್ಬರೂ ಗೋಡೆ ನೋಡತೊಡಗಿದರು.

ನಾನು ಕಳ್ಳತನ ಮಾಡಿಲ್ಲ, ಯಾರ ತಲೆಯನ್ನೂ ಒಡೆದಿಲ್ಲ. ಡಿಸೆಂಬರಿನಲ್ಲಿ, ದಪ್ಪ ಮೀಸೆಯಿಂದಾಗಿ ಎಲ್ಲರೂ ಮೀಸೆ ಎಂದೇ ಕರೆಯುವವನ ಹತ್ತಿರ ಒಂದು ಹಳೆಯ ದೊಡ್ಡ ವಾಷಿಂಗ್ ಮೆಷಿನ್ ಕೊಂಡೆ. ಹಳೇ ಮೆಷಿನ್ನುಗಳನ್ನು ರಿಪೇರಿ ಮಾಡಿ, ಬಣ್ಣ ಬಳಿದು ಮಾರುವುದು ಅವನ ಕಸುಬು. ಅರ್ಧ ಹಣ ಕೈಯಲ್ಲಿ ಕೊಟ್ಟೆ, ಉಳಿದರ್ಧಕ್ಕೆ ಮುಂದಿನ ತಿಂಗಳ ತಾರೀಖು ಹಾಕಿ ಚೆಕ್ಕು ಬರೆದೆ. ಎರಡು ವಾರ ಓಡಿತೋ ಇಲ್ಲವೋ, ಡ್ರಮ್ಮಿನ ಹಿಂದಿನಿಂದ ಕಪ್ಪು ಎಣ್ಣೆ ಒಸರಿ ಲಾಡ್ಜಿನವರ ಆರು ಬೆಡ್‌ಶೀಟುಗಳ ಮೇಲೆ ಇಳಿಯಿತು. ಲಾಡ್ಜಿನವನು ಅವನ್ನು ನನ್ನ ಮೇಜಿನ ಮೇಲೆ ಎಸೆದು, "ಇವನ್ನ ನೀವೇ ಹೊದ್ಕೊಳ್ಳಿ," ಎಂದು ಬೇರೆ ಲಾಂಡ್ರಿ ಹಿಡಿದ. ನಾನು ಅಲ್ಲಿಂದಲೇ ಬ್ಯಾಂಕಿಗೆ ನಡೆದೆ. ಆ ಚೆಕ್ಕಿಗೆ ಹಣ ಕೊಡಬೇಡಿ ಎಂದು ಬರೆದುಕೊಟ್ಟು ಬಂದೆ. ಹಣ ನನ್ನ ಖಾತೆಯಲ್ಲೇ ಇತ್ತು, ಈಗಲೂ ಇದೆ. ಕೆಟ್ಟ ಮಾಲಿಗೆ ಹಣ ಕೊಡುವುದಿಲ್ಲ ಎಂದದ್ದು ಅಪರಾಧವಂತೆ!

ಆಮೇಲೆ ಮೀಸೆಯ ವಕೀಲರಿಂದ ಒಂದು ನೋಟಿಸು ಬಂದಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಇಸ್ತ್ರಿ ಮೇಜಿನ ಕಾಲಿನಡಿ ಇಟ್ಟಿದ್ದೇನೆ. ಮೇಜು ಅಲುಗಾಡುವುದು ನಿಂತಿದೆ. ಅಷ್ಟಾದರೂ ಉಪಕಾರವಾಯಿತು.

ಮೆಷಿನ್ ತಂದ ದಿನದಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹೇಳಬೇಕಾದದ್ದನ್ನೆಲ್ಲ ಮಗನಿಗೆ ಹೇಳುತ್ತಾರೆ, ನಾನು ಅಲ್ಲೇ ನಿಂತಿದ್ದರೂ. ಇವತ್ತು ನಮ್ಮವರಿಗೆ ಹೇಳಿದರು: "ಅವಳಿಗೆ ಹೇಳು, ನಾನು ಕೈಯಲ್ಲಿ ಒಗೀತಿದ್ದಾಗ ಈ ಬಾಗಿಲಿಗೆ ಪೊಲೀಸ್ ಬಂದಿರಲಿಲ್ಲ." ನಮ್ಮವರು ನನ್ನ ಕಡೆ ತಿರುಗಿ, "ಕೇಳಿಸ್ತಲ್ಲ?" ಎಂದರು.

ಮಾರ್ಚ್ 8, ಶುಕ್ರವಾರ

ವಕೀಲರ ಹತ್ತಿರ ಹೋಗಿ ಬಂದೆ. ಒಂದು ಕುರ್ಚಿ, ಒಂದು ಫ್ಯಾನು, ಕೋಟಿನ ಮೊಣಕೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ಕೊಂಡ ದಿನದಿಂದ ನೀರು ಮುಟ್ಟಿಸಿಲ್ಲ. ಪೂರ್ತಿ ಕೇಳಿಸಿಕೊಳ್ಳದೆಯೇ, "ಚೆಕ್ಕಿನ ಹಣ ಕಟ್ಟಿ, ತಪ್ಪಾಯ್ತು ಅಂತ ಕೈ ಮುಗೀರಿ, ಮುಗೀತು," ಎಂದರು. ಕಟ್ಟದಿದ್ದರೆ ಒಂದು ವರ್ಷದವರೆಗೆ ಜೈಲಾಗಬಹುದಂತೆ. ಕೈ ಮುಗಿಯಲು ಹೇಳಿಕೊಡುವುದಕ್ಕೆ ಅವರ ಫೀಸು ಚೆಕ್ಕಿನ ಹಣಕ್ಕಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ.

"ತಪ್ಪಾಯ್ತು ಅಂತ ಯಾಕೆ ಹೇಳ್ಲಿ? ತಪ್ಪು ಅವನದು," ಎಂದೆ.

"ಹಾಗಾದ್ರೆ ವಾದ ಮಾಡಬೇಕಾಗುತ್ತಮ್ಮ."

"ನಾನೇ ಮಾಡ್ತೀನಿ."

ಅವರು ನಗಲಿಲ್ಲ, ಅದು ಇನ್ನೂ ಕೆಟ್ಟದಾಯಿತು. "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ನಿಮ್ಮಿಷ್ಟ. ನಡೆದದ್ದನ್ನೆಲ್ಲ ಅವತ್ತವತ್ತೇ ಬರೆದಿಟ್ಕೊಳ್ಳಿ, ಆಮೇಲೆ ನೆನಪಿರಲ್ಲ," ಎಂದರು. ಅದೊಂದಕ್ಕೆ ಫೀಸು ಕೇಳಲಿಲ್ಲ. ಸೋಪಿನ ಕಂಪನಿಯವರು ಕೊಟ್ಟ ಈ ಡೈರಿಯಲ್ಲಿ ಮೊನ್ನೆಯಿಂದಲೇ ಬರೆಯುತ್ತಿದ್ದೇನೆ.

ಮನೆಗೆ ಬಂದು ಬೆಡ್‌ಶೀಟುಗಳನ್ನು ತೆಗೆದು ನೋಡಿದೆ. ಕಲೆ ಹಾಗೇ ಇದೆ, ಅಂಗೈಯಗಲ, ಒಂದೊಂದರಲ್ಲಿ ಮೂರು ನಾಲ್ಕು ಕಡೆ. ಇವನ್ನು ನೋಡಿದರೆ ಯಾವ ನ್ಯಾಯಾಧೀಶನಿಗೂ ಬೇರೆ ವಾದ ಬೇಕಾಗಲಿಕ್ಕಿಲ್ಲ. ಹಳೆಯ ಪರದೆಯಲ್ಲಿ ಗಂಟು ಕಟ್ಟಿ ಇಸ್ತ್ರಿ ಕೋಣೆಯ ಕಪಾಟಿನಲ್ಲಿಟ್ಟೆ.

ಮಾರ್ಚ್ 19, ಮಂಗಳವಾರ

ಕೋರ್ಟು. ಬೆಳಿಗ್ಗೆ ಹೋದವಳನ್ನು ಮಧ್ಯಾಹ್ನ ಕಳೆದ ಮೇಲೆ ಕರೆದರು. ಕರೆಯುವವನು ನನ್ನ ಹೆಸರನ್ನು ಎಷ್ಟು ಕೆಡಿಸಿ ಕೂಗಿದನೆಂದರೆ ಇನ್ನೊಬ್ಬಳು ಎದ್ದು ಹೋಗಿ ನಿಂತಿದ್ದಳು.

ನ್ಯಾಯಾಧೀಶರು ಹೆಂಗಸು. ಕೊರಳಪಟ್ಟಿ ಅಚ್ಚ ಬಿಳಿ, ಒಂದು ಸುಕ್ಕಿಲ್ಲ. ಯಾರು ಒಗೆಯುತ್ತಾರೋ, ಕೆಲಸ ಗೊತ್ತಿದ್ದವರು. ಆರೋಪ ಓದಿದರು. "ಒಪ್ಪುತ್ತೀರಾ?" "ಇಲ್ಲ ಮೇಡಂ." "ವಕೀಲರು?" "ಇಲ್ಲ ಮೇಡಂ." "ಸರ್ಕಾರದಿಂದ ಉಚಿತವಾಗಿ ಕೊಡ್ತೀವಿ." "ಬೇಡ ಮೇಡಂ, ನಡೆದದ್ದು ನನಗೆ ಗೊತ್ತು, ಅವರಿಗೇನು ಗೊತ್ತು?" ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಬರೆದುಕೊಂಡರು. ನಮ್ಮವರು ಜಾಮೀನಿಗೆ ಸಹಿ ಹಾಕಿದರು. ಹಾಕುವ ಮುಂಚೆ ಎರಡು ಸಲ ಓದಿದರು. ನಾನು ಓದದೆಯೇ ಹಾಕಿದೆ.

ಮೀಸೆ ಬಾಗಿಲ ಹತ್ತಿರ ನಿಂತಿದ್ದ. "ಅಕ್ಕ, ಊಟ ಆಯ್ತಾ?" ಎಂದ. ಇವನ ಧೈರ್ಯವೇ! ಜೈಲಿಗೆ ಕಳಿಸಲು ಕೇಸು ಹಾಕಿ ಊಟ ಕೇಳುತ್ತಾನೆ. ನಾನು ಮುಖ ತಿರುಗಿಸಿದೆ.

ಏಪ್ರಿಲ್ 2, ಮಂಗಳವಾರ

ವಾಯಿದೆ. ಅವನ ವಕೀಲರಿಗೆ ಹಲ್ಲುನೋವಂತೆ. ಅವರ ಹಲ್ಲು ನೋಯುವುದಕ್ಕೆ ನಾನು ಒಂದು ದಿನದ ಅಂಗಡಿ ಮುಚ್ಚಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಏಪ್ರಿಲ್ 6, ಶನಿವಾರ

ಮೀಸೆ ಅಂಗಡಿಗೇ ಬಂದ. ಕೈಯಲ್ಲಿ ರಬ್ಬರಿನ ದೊಡ್ಡ ಬಳೆಯಂಥದ್ದು, ಎಣ್ಣೆ ತಡೆಯುವ ಸೀಲು. "ಅಕ್ಕ, ಇದನ್ನ ಹಾಕಿದ್ರೆ ಸರಿ ಹೋಗುತ್ತೆ. ಜನವರೀಲೇ ಬಂದಿದ್ದೆ, ನೀವು ಒಳಗೆ ಬಿಡಲಿಲ್ಲ. ಕೇಸು ಗೀಸು ಬೇಡ ಅಂತ ನಾನೂ..."

"ಸರಿ ಇಲ್ಲ ಅಂತ ಈಗ ಒಪ್ಕೊಂಡ ಹಾಗಾಯ್ತಲ್ಲ! ಇದನ್ನೇ ಕೋರ್ಟಲ್ಲಿ ಹೇಳು."

"ಅಕ್ಕ, ಮೊದ್ಲು ಮೆಷಿನ್ ನೋಡ್ತೀನಿ..."

"ಮೆಷಿನ್ ಮುಟ್ಟಿದ್ರೆ ಕೈ ಮುರೀತೀನಿ. ಅದೂ ಸಾಕ್ಷಿ."

ಹೋದ. ಸೀಲನ್ನು ಮೇಜಿನ ಮೇಲಿಟ್ಟು ಹೋಗಿದ್ದ, ಓಡಿ ಹೋಗಿ ಅವನ ಸ್ಕೂಟರಿನ ಬುಟ್ಟಿಗೆ ಎಸೆದು ಬಂದೆ. ಮೆಷಿನ್ನನ್ನು ಅವನಿಗೆ ವಾಪಸು ಕೊಡುವುದೂ ಇಲ್ಲ, ರಿಪೇರಿ ಮಾಡಿಸುವುದೂ ಇಲ್ಲ. ಅಂಗಡಿಯ ಅರ್ಧ ಜಾಗ ತಿಂದುಕೊಂಡು ಕೂತಿರಲಿ. ನಮ್ಮವರು ಅದರ ಪಕ್ಕದಿಂದ ಸುತ್ತು ಹಾಕಿ ವ್ಯಾನಿಗೆ ಬಟ್ಟೆ ಹೊರುವಾಗ ಮೊಣಕಾಲು ಬಡಿಸಿಕೊಂಡು ಏನೋ ಅಂದರು. ಕೇಳಿಸಿಕೊಳ್ಳಲಿಲ್ಲ.

ಗಂಟು ಬಿಚ್ಚಿ ನೋಡಿದೆ. ಚೆನ್ನಾಗಿದೆ.

ಏಪ್ರಿಲ್ 18, ಗುರುವಾರ

ಇವತ್ತಿನದನ್ನು ಬರೆಯಲೂ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮೀಸೆ ಸಾಕ್ಷಿಕಟ್ಟೆ ಹತ್ತಿ ಅವನ ವಕೀಲರು ಕೇಳಿದ್ದಕ್ಕೆಲ್ಲ ಹೂಂಗುಟ್ಟಿದ. ಮೆಷಿನ್ ಕೊಟ್ಟದ್ದು ಹೌದು, ಚೆಕ್ಕು ತಗೊಂಡದ್ದು ಹೌದು, ಬ್ಯಾಂಕು ವಾಪಸು ಮಾಡಿದ್ದು ಹೌದು. ಆಮೇಲೆ ನ್ಯಾಯಾಧೀಶರು ನನಗೆ, "ನಿಮ್ಮ ಪಾಟೀಸವಾಲು," ಎಂದರು. ಎರಡು ವಾರದಿಂದ ಇಸ್ತ್ರಿ ಹಾಕುತ್ತ ಹಾಕುತ್ತ ಈ ಗಳಿಗೆಯನ್ನೇ ಮನಸ್ಸಿನಲ್ಲಿ ಆಡಿದ್ದೆ.

"ಏನಯ್ಯಾ, ನಿನಗೆ ನಾಚಿಕೆ ಆಗಲ್ವಾ?"

"ಇದು ಪ್ರಶ್ನೆಯಲ್ಲಮ್ಮ," ಎಂದರು ನ್ಯಾಯಾಧೀಶರು.

"ಪ್ರಶ್ನೆಯೇ ಮೇಡಂ. ಉತ್ತರ ಹೇಳಲಿ."

"ಆಗುತ್ತೆ ಅಕ್ಕ," ಎಂದ ಮೀಸೆ. "ನಿಮ್ಮನ್ನ ಇಲ್ಲಿ ನಿಲ್ಲಿಸಿದ್ದಕ್ಕೆ ನಂಗೂ ನಾಚಿಕೆ ಆಗುತ್ತೆ."

ಜನ ನಕ್ಕರು. ನನ್ನ ಪಿತ್ತ ನೆತ್ತಿಗೇರಿತು. "ಮೆಷಿನ್ ಸೋರ್ತಿತ್ತೋ ಇಲ್ವೋ ಹೇಳು!" ಎಂದೆ. ಅವನು ಬಾಯಿ ತೆರೆದಿದ್ದ. ಹೌದು ಎನ್ನುವವನೇ ಇದ್ದ, ಅವನ ಮುಖದಲ್ಲೇ ಇತ್ತು. ಅಷ್ಟರಲ್ಲಿ ನಾನೇ, "ಸೋರ್ತಿತ್ತು! ಬೆಡ್‌ಶೀಟಲ್ಲೆಲ್ಲ ಎಣ್ಣೆ! ಲಾಡ್ಜಿನವನು ಬಿಟ್ಟು ಹೋದ! ನಲವತ್ತು ವರ್ಷದ ಅಂಗಡಿ ಮರ್ಯಾದೆ ಮೂರು ಕಾಸಿಗೆ ಹೋಯ್ತು!" ಎಂದು ಕೂಗಿಬಿಟ್ಟೆ. ವಕೀಲರು ಕೆಮ್ಮಿದರು. ಮೀಸೆ ಅವರ ಕಡೆ ನೋಡಿ, "ನಾನು ಕೊಟ್ಟಾಗ ಸರಿಯಿತ್ತು," ಎಂದ. ಬರೆದುಕೊಂಡದ್ದು ಅಷ್ಟೇ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಹೇಳಿದರು: "ಪ್ರಶ್ನೆ ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಅವರ ಬಾಯಿಂದ ಬರಬೇಕು. ಎಲ್ಲಾ ನೀವೇ ಹೇಳಿದ್ರೆ ನಾನು ಯಾರದ್ದು ಅಂತ ಬರ್ಕೊಳ್ಳಲಿ?"

ಮನೆಯಲ್ಲಿ ಇದನ್ನು ಹೇಳಿದರೆ ನಮ್ಮವರಿಗೆ ನಗು. "ಇಪ್ಪತ್ತೆಂಟು ವರ್ಷದಿಂದ ನಾನು ಹೇಳಬೇಕು ಅಂತಿದ್ದದ್ದನ್ನ ಅವರು ಒಂದೇ ದಿನದಲ್ಲಿ ಹೇಳಿದ್ರು ನೋಡು." ಅವರ ಅಂಗಿಯನ್ನು ಇಸ್ತ್ರಿ ಹಾಕದೆ ಹಾಗೇ ಬಿಟ್ಟೆ.

ಮೇ 7, ಮಂಗಳವಾರ

ನನ್ನ ಹೇಳಿಕೆ. ಇವತ್ತು ನಿಧಾನವಾಗಿ ಹೇಳಿದೆ ಎಂದುಕೊಂಡಿದ್ದೇನೆ. ಫೋನಿನಲ್ಲಿದ್ದ ಕಲೆಯ ಫೋಟೋ ತೋರಿಸಿದೆ. ಮೀಸೆಯ ವಕೀಲರು, "ಫೋಟೋ ಯಾರದ್ದಾದರೂ ಇರಬಹುದು, ಎಣ್ಣೆ ಎಲ್ಲಿಂದಾದರೂ ಬಿದ್ದಿರಬಹುದು," ಎಂದರು. ಲಾಡ್ಜಿನವನನ್ನು ಕರೆಸೋಣವೆಂದರೆ ಅವನು ಫೋನೇ ಎತ್ತುವುದಿಲ್ಲ. "ನೋಟಿಸಿಗೆ ಯಾಕೆ ಉತ್ತರ ಕೊಡಲಿಲ್ಲ?" ಎಂದೂ ಕೇಳಿದರು. ಅದು ಮೇಜಿನ ಕಾಲಿನಡಿ ಇದೆ ಎಂದೆ. ಅದನ್ನೂ ಬರೆದುಕೊಂಡರು. ಎಲ್ಲವನ್ನೂ ಬರೆದುಕೊಳ್ಳುತ್ತಾರೆ, ಬೇಕಾದದ್ದನ್ನು ಬಿಟ್ಟು.

ನ್ಯಾಯಾಧೀಶರು ಕೊನೆಗೆ, "ಆ ಬೆಡ್‌ಶೀಟುಗಳು ಇನ್ನೂ ಇದ್ದಾವಾ?" ಎಂದರು.

"ಇದ್ದಾವೆ ಮೇಡಂ! ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೀನಿ."

"ತನ್ನಿ. ನೋಡೋಣ."

ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮೇ 19, ಭಾನುವಾರ

ನಾವು ಒಗೆದುಕೊಡುವ ಆಸ್ಪತ್ರೆಯ ಬಟ್ಟೆ ರಾಶಿ ಬಿದ್ದಿತ್ತು. ಬೇಗ ಎದ್ದು ಗಂಟು ಬಿಚ್ಚಿದೆ. ಆರನ್ನೂ ಕಿಟಕಿಗೆ ಹಿಡಿದು ನೋಡಿದೆ. ಒಂದರಲ್ಲಿ ಕಲೆಯ ಅಂಚು ತಿಳಿಯಾದ ಹಾಗೆ ಕಂಡಿತು. ಬೆಳಕಿನ ದೋಷ. ಪಕ್ಕಕ್ಕೆ ತಿರುಗಿಸಿದರೆ ಕಪ್ಪಗೇ ಇದೆ. ಮತ್ತೆ ಮಡಿಸಿ ಕಟ್ಟಿದೆ.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಎರಡು ಕಪ್ ಟೀ. ಒಂದನ್ನು ಇಸ್ತ್ರಿ ಮೇಜಿನ ತುದಿಯಲ್ಲಿಟ್ಟು ಮಾತಾಡದೆ ಹೋದರು. ಕುಡಿಯಲು ಮರೆತೆ. ಆಮೇಲೆ ತಣ್ಣಗಾಗಿತ್ತು.

ನಮ್ಮವರು ಊಟಕ್ಕೆ ಕೂತಾಗ, "ತಂಗಿ ಮನೆಗೆ ಹೋಗಿ ಎಷ್ಟು ದಿನ ಆಯ್ತು ನೀನು? ಒಂದಿನ ಹೋಗಿ ಬಾ," ಎಂದರು. "ನೀವು ಅದನ್ನ ಯಾವ ಉದ್ದೇಶದಿಂದ ಕೇಳ್ತಿದ್ದೀರಿ?" ಎಂದೆ. ತಟ್ಟೆ ಎತ್ತಿಕೊಂಡು ವ್ಯಾನಿನಲ್ಲಿ ಕೂತು ಉಂಡರು. ಮಾತಿಗೊಂದು ಪ್ರಶ್ನೆ ಕೇಳಿದರೆ ಜನಕ್ಕೆ ಆಗುವುದಿಲ್ಲ.

ಮೇ 28, ಮಂಗಳವಾರ

ವಾಯಿದೆ. ನ್ಯಾಯಾಧೀಶರಿಗೇ ರಜೆ. ಗಂಟನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಸಂಜೆಯ ತನಕ ಕೂತು ವಾಪಸು ತಂದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಹೆಸರು ಕೂಗುವವನು ಹೊರಡುವಾಗ ಒಂದು ಮಾತು ಹೇಳಿದ: "ಅಮ್ಮ, ಇನ್ನು ಅದನ್ನ ಬಿಚ್ಚಬೇಡಿ. ಪದೇ ಪದೇ ಬಿಚ್ಚಿದ್ರೆ ನೀವೇ ಏನೋ ಬಳಿದಿದ್ದೀರಿ ಅಂತ ಆ ವಕೀಲರು ಹೇಳ್ತಾರೆ. ಕಟ್ಟಿದ ಗಂಟು ಕಟ್ಟಿದ ಹಾಗೇ ಮೇಡಂ ಮುಂದೆ ಬರಲಿ." ಸರಿಯೇ. ಮನೆಗೆ ಬಂದು ಕಪಾಟಿನಲ್ಲಿಟ್ಟೆ. ಬಿಚ್ಚುವುದಿಲ್ಲ.

ಮೇ 31, ಶುಕ್ರವಾರ

ಬಿಚ್ಚಲಿಲ್ಲ. ಹೊರಗಿನಿಂದ ಮುಟ್ಟಿ ನೋಡಿದೆ, ಅಷ್ಟೇ. ಅದಕ್ಕೇನೂ ತಪ್ಪಿಲ್ಲ.

ಜೂನ್ 4, ಮಂಗಳವಾರ

ಇಡೀ ದಿನ ಬ್ಯಾಂಕಿನಲ್ಲಿ. ಚೆಕ್ಕು ತಡೆದ ದಿನ ನನ್ನ ಖಾತೆಯಲ್ಲಿ ಹಣ ಇತ್ತು ಎಂದು ಬರೆದುಕೊಡಿ ಎಂದರೆ ಈ ಕಿಟಕಿಯಿಂದ ಆ ಕಿಟಕಿಗೆ, ಆ ಕಿಟಕಿಯಿಂದ ಮ್ಯಾನೇಜರಿಗೆ, ಮ್ಯಾನೇಜರು ಊಟಕ್ಕೆ. ಮುಚ್ಚುವ ಹೊತ್ತಿಗೆ ಕಾಗದ ಕೈಗೆ ಬಂತು, ಅದರಲ್ಲಿ ನನ್ನ ಹೆಸರು ತಪ್ಪು. ತಿದ್ದಿಸಿ ಬರುವಷ್ಟರಲ್ಲಿ ಕಾಲು ಸೇದುತ್ತಿತ್ತು.

ಮನೆಯೆಲ್ಲ ಸೀಮೆಎಣ್ಣೆಯ ವಾಸನೆ. ಅತ್ತೆ ಹಳೇ ಸ್ಟವ್ ತೊಳೆದೆನೆಂದು ಮಗನಿಗೆ ಹೇಳುತ್ತಿದ್ದರು. ಮಹಡಿಯ ಮೇಲೆ ಹಗ್ಗದಲ್ಲಿ ಬಟ್ಟೆ ಒಣಗುತ್ತಿತ್ತು, ಆಸ್ಪತ್ರೆಯದಿರಬೇಕು. ಹತ್ತಿ ನೋಡುವ ತ್ರಾಣ ಇರಲಿಲ್ಲ. ಅತ್ತೆಯೂ ಬೇಗ ಮಲಗಿದರು.

ಜೂನ್ 11, ಮಂಗಳವಾರ

ಗಂಟನ್ನು ನ್ಯಾಯಾಧೀಶರ ಮುಂದಿನ ಮೇಜಿನ ಮೇಲೆ ಇಟ್ಟೆ. ಹೆಸರು ಕೂಗುವವನು ಬಿಚ್ಚಿದ.

ಆರು ಬೆಡ್‌ಶೀಟು. ಹಾಲಿನಂಥ ಬಿಳಿ. ಗಂಜಿ ಹಾಕಿ, ಇಸ್ತ್ರಿ ಮಾಡಿ, ಅಂಚನ್ನು ಒಳಕ್ಕೆ ಸೇರಿಸಿ ಮಡಿಸಿದ್ದವು. ಲಾಡ್ಜಿನವನು ಮೊದಲ ಸಲ ತಂದುಕೊಟ್ಟ ದಿನವೂ ಅಷ್ಟು ಬೆಳ್ಳಗಿರಲಿಲ್ಲ.

ಒಂದು ಕ್ಷಣ ಇದು ನನ್ನ ಗಂಟೇ ಅಲ್ಲ ಎಂದುಕೊಂಡೆ. ಆರನ್ನೂ ಬಿಡಿಸಿದೆ, ತಿರುಗಿಸಿದೆ, ಕಿಟಕಿಗೆ ಹಿಡಿದೆ. ಮೀಸೆಯ ವಕೀಲರು ಎದ್ದು, "ಮೇಡಂ, ನನ್ನ ಕಕ್ಷಿದಾರನ ಮೆಷಿನ್ ಎಷ್ಟು ಚೆನ್ನಾಗಿ ಒಗೆಯುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?" ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಮೀಸೆ ಒಬ್ಬ ನಗದೆ ನೆಲ ನೋಡುತ್ತಿದ್ದ. ನಕ್ಕಿದ್ದರೆ ವಾಸಿಯಿತ್ತು.

ಅಂಚನ್ನು ಒಳಕ್ಕೆ ಸೇರಿಸಿ ಮಡಿಸುವವರು ನಮ್ಮ ಮನೆಯಲ್ಲಿ ಒಬ್ಬರೇ.

"ಯಾರು ಒಗೆದದ್ದು?" ಎಂದರು ನ್ಯಾಯಾಧೀಶರು.

"ನಮ್ಮತ್ತೆ, ಮೇಡಂ."

ಅವರಿಗೂ ನಗು ಬಂದಿತ್ತೇನೋ, ತಡೆದುಕೊಂಡರು. "ಅವರನ್ನೇ ಸಾಕ್ಷಿಗೆ ಕರ್ಕೊಂಡು ಬನ್ನಿ. ನಿಮಗೆ ಇನ್ನೇನೂ ಉಳಿದಿಲ್ಲ," ಎಂದರು. ಬ್ಯಾಂಕಿನ ಕಾಗದ ಕೊಟ್ಟೆ. ತೆಗೆದುಕೊಂಡರು, ಓದಲಿಲ್ಲ.

ಜೂನ್ 12, ಬುಧವಾರ

ಕೂಗಿದೆ. ಬೀದಿಯವರೆಲ್ಲ ಕೇಳಿಸಿಕೊಂಡಿರಬೇಕು. "ನಿಮ್ಮಮ್ಮನಿಗೆ ಹೇಳಿ, ಸೊಸೇನ ಜೈಲಿಗೆ ಕಳಿಸೋಕೆ ಮೀಸೆ ಸಾಕಿತ್ತು, ಅವರ ಸಹಾಯ ಬೇಕಿರಲಿಲ್ಲ ಅಂತ!"

ಅತ್ತೆ ಕರವಸ್ತ್ರಗಳನ್ನು ಮಡಿಸುತ್ತಲೇ ಮಗನಿಗೆ ಹೇಳಿದರು: "ಅವಳಿಗೆ ಹೇಳು, ಕಲೆ ಬಚ್ಚಿಟ್ಟು ಕಾಯೋ ಮನೆ ಅಲ್ಲ ಇದು."

ನಮ್ಮವರು, "ನಾನೇನು ಪೋಸ್ಟ್ ಡಬ್ಬನಾ?" ಎಂದು ವ್ಯಾನ್ ತೆಗೆದುಕೊಂಡು ಹೋದರು. ಸಂಜೆಯವರೆಗೆ ಬರಲಿಲ್ಲ. ಆಸ್ಪತ್ರೆಯ ಬಟ್ಟೆ ತಲುಪಿಸುವುದು ತಡವಾಯಿತು.

ನಲವತ್ತು ವರ್ಷ ಬೇರೆಯವರ ಕಲೆ ತೆಗೆದ ಕೈ. ಅಭ್ಯಾಸ ಬಲ. ಗಂಟಿನಲ್ಲಿ ಕಲೆಯಿದೆ ಎಂದರೆ ಅವರಿಗೆ ನಿದ್ದೆ ಬರಲಿಕ್ಕಿಲ್ಲ. ಅದು ನನಗೂ ಗೊತ್ತು. ಆದರೆ ಜೈಲಿಗೆ ಹೋಗುವವಳು ನಾನು. ಭಯವಾಗುತ್ತಿದೆ. ಇಷ್ಟು ದಿನ ಸಿಟ್ಟಿನಲ್ಲಿ ಗೊತ್ತಾಗಲಿಲ್ಲ.

ಜೂನ್ 20, ಗುರುವಾರ

ಬರೆಯುವುದಕ್ಕೆ ಏನೂ ಇಲ್ಲ. ಅತ್ತೆ ಕೋರ್ಟಿಗೆ ಬರುತ್ತಾರಂತೆ. ಏನು ಹೇಳುತ್ತೀರಿ ಎಂದು ನಮ್ಮವರು ಕೇಳಿದ್ದಕ್ಕೆ, "ಕೇಳಿದ್ದನ್ನ ಹೇಳ್ತೀನಿ," ಎಂದರಂತೆ. ನನಗೆ ಅದೇ ಹೆದರಿಕೆ. ನಮ್ಮ ಅಂಗಡಿಯಿಂದ ಕಲೆಯಾದ ಬಟ್ಟೆ ಹೊರಗೆ ಹೋಯಿತೆಂದು ಈ ಹೆಂಗಸು ಹುಟ್ಟಿದಾರಭ್ಯ ಒಪ್ಪಿಕೊಂಡದ್ದಿಲ್ಲ. ಗಿರಾಕಿ ತಂದು ತೋರಿಸಿದರೂ, "ನೀವು ಮನೇಲಿ ಮಾಡ್ಕೊಂಡಿರೋದು," ಎಂದು ಹೇಳಿ ಕಳಿಸಿದವರು. ಅಷ್ಟು ಜನರ ಮುಂದೆ ಒಪ್ಪುತ್ತಾರೆಯೇ? ಕಲೆಯೇ ಇರಲಿಲ್ಲ ಎಂದುಬಿಟ್ಟರೆ ನನ್ನ ಕಥೆ ಮುಗಿಯಿತು.

ಜೂನ್ 27, ಗುರುವಾರ

ಅತ್ತೆ ತಮ್ಮ ಒಳ್ಳೆಯ ಬಟ್ಟೆ ಉಟ್ಟು ಬಂದರು. ಸಾಕ್ಷಿಕಟ್ಟೆಯ ಮೆಟ್ಟಿಲು ಎತ್ತರ. ಹತ್ತುವಾಗ ನಾನು ಕೈ ಕೊಡಲಿಲ್ಲ, ಅವರು ಕೇಳಲಿಲ್ಲ. ಹೆಸರು ಕೂಗುವವನೇ ಹಿಡಿದು ಹತ್ತಿಸಿದ. ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದ.

"ಕೇಳಿ," ಎಂದರು ನ್ಯಾಯಾಧೀಶರು ನನಗೆ.

ಎದ್ದು ನಿಂತೆ. ಅತ್ತೆ ನನ್ನ ಕಡೆ ನೋಡಲಿಲ್ಲ, ಮಗನ ಕಡೆ ನೋಡಿದರು. ನಮ್ಮವರು ಗಾಬರಿಯಿಂದ ಎದ್ದು ನಿಂತುಬಿಟ್ಟರು, ಅಭ್ಯಾಸ. ನ್ಯಾಯಾಧೀಶರು ಕೂರಿಸಿದರು. "ಅಜ್ಜಿ, ಅವರು ಕೇಳ್ತಾರೆ, ನೀವು ಅವರಿಗೇ ಹೇಳಿ. ಮಧ್ಯದಲ್ಲಿ ಯಾರೂ ಇಲ್ಲ."

"ನಿಮ್ಮ ಹೆಸರು?" ಎಂದೆ.

ಹೇಳಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರ ಬಾಯಿಂದ ಅವರ ಹೆಸರು ನಾನು ಕೇಳಿದ್ದು ಇದೇ ಮೊದಲು.

"ನಾನು ನಿಮಗೆ ಏನಾಗಬೇಕು?"

"ಸೊಸೆ."

"ಈ ಬೆಡ್‌ಶೀಟುಗಳಲ್ಲಿ ಕಲೆ ಇತ್ತಾ?"

ಫ್ಯಾನು ತಿರುಗುತ್ತಿತ್ತು. ಇತ್ತು ಎನ್ನಿ, ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನಿಂತೆ. ಎಷ್ಟು ಹೊತ್ತು ನಿಂತೆನೋ. ವಕೀಲರು ಗಡಿಯಾರ ನೋಡಿಕೊಂಡರು. ನ್ಯಾಯಾಧೀಶರು ಅವಸರ ಮಾಡಲಿಲ್ಲ.

"ಇತ್ತು," ಎಂದರು ಅತ್ತೆ.

"ಎಲ್ಲಿಂದ ಬಂತು?"

"ಮೆಷಿನ್ನಿಂದ. ಡ್ರಮ್ ಹಿಂದಿನಿಂದ ಸೋರೋದನ್ನ ನಾನೇ ನೋಡಿದೀನಿ." ಆಮೇಲೆ ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಿದರು, ಸಣ್ಣ ದನಿಯಲ್ಲಿ. "ಗಿರಾಕಿ ಬಟ್ಟೆ ನಮ್ಮ ಅಂಗಡೀಲೇ ಹಾಳಾಯ್ತು. ಹಾಗೇ ಮಡಿಸಿ ಕಳಿಸಿದ್ವಿ."

ಅಷ್ಟು ಸಾಕೆಂದು ಕೂತೆ.

ಮೀಸೆಯ ವಕೀಲರು ಎದ್ದರು. "ಅಜ್ಜಿ, ಇವು ಕೋರ್ಟಿಗೆ ಬೇಕು ಅಂತ ನಿಮಗೆ ಗೊತ್ತಿರಲಿಲ್ಲ, ಅಲ್ವಾ? ಪಾಪ, ವಯಸ್ಸಾಗಿದೆ."

"ಗೊತ್ತಿತ್ತು."

"ಏನು?"

"ಗೊತ್ತಿತ್ತಪ್ಪ. ಅವಳು ಬ್ಯಾಂಕಿಗೆ ಹೋಗೋ ದಿನ ಕಾದಿದ್ದೆ."

ವಕೀಲರಿಗೆ ಹಬ್ಬ. "ಮೇಡಂ, ನೋಡಿ! ಸಾಕ್ಷಿ ಅಂತ ಗೊತ್ತಿದ್ದೂ ಒಗೆದಿದ್ದಾರೆ. ಯಾಕೆ ಅಜ್ಜಿ? ಕಲೆ ಇರಲೇ ಇಲ್ಲ ಅಂತ ತಾನೆ? ಇಲ್ಲದಿದ್ರೆ ಸೊಸೆಯ ಕೇಸನ್ನ ನೀವೇ ಯಾಕೆ ಹಾಳು ಮಾಡ್ತೀರಿ?"

ಅತ್ತೆ ಕಟಕಟೆಯ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದರು. ಅಲ್ಲಿ ಶಾಯಿಯ ಗುರುತೊಂದಿತ್ತು.

"ದಿನಾ ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಆ ಗಂಟು ಬಿಚ್ಚಿ ನೋಡ್ತಿದ್ದಳು. ಕಲೆ ಇದೆ ಅಂತ ಖುಷಿ ಪಡ್ತಿದ್ದಳು. ಊಟ ಬಿಟ್ಟಳು. ಗಂಡನ ಹತ್ರ ಮಾತಾಡಿದ್ರೆ ಪೊಲೀಸ್ ಕೇಳಿದ ಹಾಗೆ. ಬಿಚ್ಚಬೇಡ ಅಂದ ಮೇಲೆ ಹೊರಗಿಂದ ಸವರಿ ಸವರಿ ನೋಡೋಳು. ಆ ಹುಡುಗಿ ನಗ್ತಿದ್ದಳಪ್ಪ, ನಿಮಗೆ ಗೊತ್ತಿಲ್ಲ. ನನ್ನ ಮೇಲೆ ಜಗಳ ಆಡೋವಾಗಲೂ ನಗ್ತಿದ್ದಳು." ಉಸಿರು ಎಳೆದುಕೊಂಡರು. "ಜೈಲಿಗೆ ಹೋದ್ರೆ ಒಂದು ದಿನ ವಾಪಸ್ ಬರ್ತಾಳೆ. ಅವಳು ಹೋಗ್ತಿದ್ದ ದಾರೀಲಿ ಹೋದೋರು ಬರಲ್ಲ. ಅದಕ್ಕೇ ಒಗೆದೆ."

ವಕೀಲರು ಕೂತರು. ಬೇರೆ ಪ್ರಶ್ನೆ ಇಲ್ಲ ಎಂದರು.

ನನಗೆ ಐವತ್ತೆರಡು. ಹುಡುಗಿಯಂತೆ. ನನ್ನ ಕೇಸನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಇಲ್ಲ ಎಂದರೆ ಸುಳ್ಳು. ಆದರೆ ವ್ಯಾನಿನಲ್ಲಿ ಬರುವಾಗ ಅಳು ಬಂತು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಜುಲೈ 9, ಮಂಗಳವಾರ

ತೀರ್ಪು.

ಅಂಗಡಿಗೆ ಬೀಗ ಹಾಕಿ ಮೂವರೂ ಹೋದೆವು. ಒಂದು ಜೊತೆ ಬಟ್ಟೆ, ಸೋಪು, ಟವೆಲ್ಲು ಚೀಲದಲ್ಲಿ ಹಾಕಿಕೊಂಡಿದ್ದೆ. ಚೀಲ ಯಾಕೆಂದು ನಮ್ಮವರು ಕೇಳಲಿಲ್ಲ. ನಾನು ಬರೆದುಕೊಂಡಿದ್ದ ಎರಡು ಪುಟದ ಭಾಷಣವೂ ಅದರಲ್ಲೇ ಇತ್ತು.

"ಕೊನೆಯದಾಗಿ ಏನಾದರೂ ಹೇಳುವುದಿದೆಯಾ?"

"ಇಲ್ಲ ಮೇಡಂ."

ನ್ಯಾಯಾಧೀಶರು ಓದಿದರು. ಕಲೆ ಇದ್ದದ್ದು ನಿಜ, ಮೆಷಿನ್ ಸೋರುತ್ತಿದ್ದದ್ದು ನಿಜ, ಖಾತೆಯಲ್ಲಿ ಹಣ ಇದ್ದದ್ದೂ ನಿಜ. ಆದರೆ ನೋಟಿಸಿಗೆ ಉತ್ತರ ಕೊಡಲಿಲ್ಲ, ಮೆಷಿನ್ ವಾಪಸು ಕೊಡಲಿಲ್ಲ, ರಿಪೇರಿಗೆ ಬಂದವನನ್ನು ಒಳಗೆ ಬಿಡಲಿಲ್ಲ. ಮಾಲನ್ನೂ ಇಟ್ಟುಕೊಂಡು ಹಣವನ್ನೂ ತಡೆಯುವಂತಿಲ್ಲ. ತಪ್ಪಿತಸ್ಥೆ. ಆ ಪದ ಕೇಳಿ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬೆಡ್‌ಶೀಟಿನ ನಷ್ಟ ಕಳೆದು ಉಳಿದ ಹಣ ಫಿರ್ಯಾದಿಗೆ ಕೊಡಬೇಕು. ಶಿಕ್ಷೆ, ಇವತ್ತು ಈ ನ್ಯಾಯಾಲಯ ಏಳುವ ತನಕ ಬಂಧನ.

ನನಗೆ ಅರ್ಥವಾಗಲಿಲ್ಲ. ಹೆಸರು ಕೂಗುವವನು ಬಂದು ಗೋಡೆಯ ಪಕ್ಕದ ಬೆಂಚು ತೋರಿಸಿದ. "ಇಲ್ಲಿ ಕೂತ್ಕೊಳ್ಳಿ. ಸಂಜೆ ಮೇಡಂ ಎದ್ದು ಹೋದ ಕೂಡಲೇ ನಿಮ್ಮ ಶಿಕ್ಷೆ ಮುಗೀತು. ಅಲ್ಲಿ ತನಕ ಹೊರಗೆ ಹೋಗೋ ಹಾಗಿಲ್ಲ."

ಅಷ್ಟೇ. ಇಷ್ಟು ತಿಂಗಳು ಹೆದರಿದ್ದು ಒಂದು ಬೆಂಚಿಗೆ. ನಗಬೇಕೋ ಕೂಗಬೇಕೋ ತಿಳಿಯಲಿಲ್ಲ. ಅಪರಾಧಿ ಎನಿಸಿಕೊಂಡದ್ದು ಮಾತ್ರ ಯಾವ ಸೋಪಿಗೂ ಹೋಗುವುದಿಲ್ಲ, ಅದು ಉರಿಯುತ್ತಲೇ ಇದೆ. ಮೀಸೆ ಹತ್ತಿರ ಬಂದು ನಿಂತ, ಏನೋ ಹೇಳಲು ನೋಡಿದ. "ನಾಳೆ ಬಂದು ಅದೇನು ಸೀಲೋ ಅದನ್ನ ಹಾಕಿ ಹೋಗು. ಹಾಕೋವಾಗ ನಾನು ಪಕ್ಕದಲ್ಲೇ ನಿಂತಿರ್ತೀನಿ," ಎಂದೆ. "ಆಯ್ತಕ್ಕ," ಎಂದು ಹೋದ.

ನಮ್ಮವರನ್ನು ಆಸ್ಪತ್ರೆಯ ಬಟ್ಟೆಗೆ ಕಳಿಸಿದೆ. ಅತ್ತೆ ಬಂದು ಬೆಂಚಿನಲ್ಲಿ ನನ್ನ ಪಕ್ಕ ಕೂತರು.

"ಅಜ್ಜಿ, ನೀವು ಮನೆಗೆ ಹೋಗಬಹುದು," ಎಂದ ಹೆಸರು ಕೂಗುವವನು. "ಶಿಕ್ಷೆ ನಿಮಗಲ್ಲ."

"ಗೊತ್ತು," ಎಂದರು ಅತ್ತೆ. ಏಳಲಿಲ್ಲ.

ಒಂದರ ಹಿಂದೆ ಒಂದು ಕೇಸು ಬಂತು. ಪಕ್ಕದವರ ಜಾಗಕ್ಕೆ ಗೋಡೆ ಒತ್ತಿದವನು, ಸೈಕಲ್ ಕದ್ದವನು, ಹೆಂಡತಿಗೆ ಹಣ ಕಳಿಸದವನು. ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ಆ ಕರೀ ಕೋಟು ನೋಡು. ಯಾವತ್ತಾದ್ರೂ ಒಗೆಸಿದಾನಾ?" ಎಂದರು. ನನಗೇ ಹೇಳಿದ್ದು.

"ಇಲ್ಲ ಅತ್ತೆ. ಮೊಣಕೈ ನೋಡಿ," ಎಂದೆ.

ಮಧ್ಯಾಹ್ನ ಕಳೆಯುತ್ತ ಅವರು ತೂಕಡಿಸಿದರು. ತಲೆ ನನ್ನ ಭುಜಕ್ಕೆ ಬಂತು. ಇಷ್ಟು ಹಗುರ ಎಂದು ಗೊತ್ತಿರಲಿಲ್ಲ. ಕೈ ಮಡಿಲಲ್ಲಿತ್ತು, ಬೆರಳ ಸಂದಿಯಲ್ಲಿ ಸೀಮೆಎಣ್ಣೆಗೆ ಸುಲಿದ ಚರ್ಮ ಇನ್ನೂ ಪೂರ್ತಿ ಮಾಯ್ದಿರಲಿಲ್ಲ.

ಸಂಜೆ ಕೊನೆಯ ಕಡತ ಮುಚ್ಚಿ ನ್ಯಾಯಾಧೀಶರು ಎದ್ದರು. ಇಡೀ ಕೋರ್ಟು ಎದ್ದು ನಿಂತಿತು. ನಾನು ಏಳಲಿಲ್ಲ. ಹೆಸರು ಕೂಗುವವನು ಏಳಿ ಏಳಿ ಎಂದು ಕೈ ಆಡಿಸಿದ. ನಾನು ಭುಜ ತೋರಿಸಿದೆ. ನ್ಯಾಯಾಧೀಶರು ನಮ್ಮಿಬ್ಬರನ್ನು ಒಮ್ಮೆ ನೋಡಿ, ಇರಲಿ ಎನ್ನುವ ಹಾಗೆ ತಲೆಯಾಡಿಸಿ ಒಳಗೆ ಹೋದರು. ಜನ ಖಾಲಿಯಾದರು, ಫ್ಯಾನು ನಿಂತಿತು. ಹೊರಗೆ ನಮ್ಮವರು ವ್ಯಾನಿನ ಹಾರ್ನ್ ಬಾರಿಸುತ್ತಿದ್ದರು. ಶಿಕ್ಷೆ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದೆ.